ಮನೆಯಲ್ಲೇ ಸೀಮಂತ: ಯಾವುದನ್ನು ಕೈಯಲ್ಲಿ ಮಾಡೋದು, ಯಾವುದನ್ನು ಕೊಳ್ಳೋದು, ಯಾವುದನ್ನು ಬಾಡಿಗೆಗೆ ತರೋದು?

ಕಳೆದ ಶ್ರಾವಣದಲ್ಲಿ ತಂಗಿಯ ಸೀಮಂತವನ್ನು ನಮ್ಮ ಮನೆಯಲ್ಲೇ ಮಾಡಿದೆವು. ಬೆಂಗಳೂರಿನ ಬಾಡಿಗೆ ಮನೆ, ಎರಡನೇ ಮಹಡಿ. ಹಾಲ್ 12 ಅಡಿ ಅಗಲ, 16 ಅಡಿ ಉದ್ದ. ಬರುವವರು 40 ಜನ. ಕೈಯಲ್ಲಿದ್ದದ್ದು 20,000 ರೂಪಾಯಿ. ಅಲಂಕಾರ ಮಾಡುವವರೊಬ್ಬರನ್ನು ಕೇಳಿದೆ. ಬಲೂನಿನ ಕಮಾನು, ಹಿಂದೊಂದು ಪರದೆ, ಕೂರಿಸಲು ಒಂದು ಸೋಫಾ, ಇಷ್ಟಕ್ಕೇ 14,000 ಹೇಳಿದರು. ಉಳಿದ 6,000ದಲ್ಲಿ 40 ಜನಕ್ಕೆ ಊಟ ಹಾಕಿ, ತಾಂಬೂಲ ಕೊಟ್ಟು ಕಳಿಸೋದು ಆಗದ ಮಾತು.

ಹಾಗಂತ "ಎಲ್ಲಾ ನಾವೇ ಮಾಡೋಣ" ಅಂತ ಹೊರಡುವುದೂ ಸರಿಯಲ್ಲ. ನನ್ನ ಮಗನ ಮೊದಲ ಹುಟ್ಟುಹಬ್ಬಕ್ಕೆ ಹಾಗೇ ಮಾಡಿದ್ದೆ. ಕಾಗದದ ಹೂವು, ಬಣ್ಣದ ತೋರಣ, ಮಕ್ಕಳಿಗೆ ಟೋಪಿ, ತಿಂಡಿಯ ಪೊಟ್ಟಣ, ಎಲ್ಲವೂ ಕೈಯಲ್ಲೇ. ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಅಂಟಿಸುತ್ತಾ ಕೂತಿದ್ದೆ. ಮರುದಿನ ಬಂದವರ ಜೊತೆ ಕೂತು ನಾಲ್ಕು ಮಾತಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಮಗುವನ್ನು ಎತ್ತಿಕೊಂಡು ನಿಂತ ಒಂದೇ ಒಂದು ಫೋಟೊದಲ್ಲೂ ನಾನು ನಗುತ್ತಿಲ್ಲ. ಅದು ಇವತ್ತಿಗೂ ಬೇಜಾರು.

ಅದಕ್ಕೇ ಈ ಸಲ ಪ್ರತಿ ವಸ್ತುವಿಗೂ ಎರಡು ಪ್ರಶ್ನೆ ಹಾಕಿಕೊಂಡೆ. ಬಂದವರು ಇದನ್ನು ಎಷ್ಟು ಹತ್ತಿರದಿಂದ ನೋಡುತ್ತಾರೆ? ಇದನ್ನು ವಾರದ ಮುಂಚೆಯೇ ಮಾಡಿಡಬಹುದಾ? ಕೈಗೆ ಸಿಗುವಷ್ಟು ಹತ್ತಿರ ಇರುತ್ತದೆ, ಮುಂಚೆಯೇ ಮಾಡಿಡಲೂ ಬರುತ್ತದೆ ಅಂದರೆ ಅದು ಕೈಕೆಲಸಕ್ಕೆ. ದೂರದಿಂದ ಕಾಣುವಂಥದ್ದಾದರೆ ಮನೆಯಲ್ಲಿರುವುದನ್ನೇ ಬಳಸಿಕೊಳ್ಳೋದು, ಇಲ್ಲವೇ ಬಾಡಿಗೆಗೆ ತರೋದು. ಕಾರ್ಯದ ದಿನ ಬೆಳಿಗ್ಗೆಯೇ ಕೂತು ಮಾಡಬೇಕಾದದ್ದನ್ನು ದುಡ್ಡು ಕೊಟ್ಟು ಮಾಡಿಸೋದು. ಹೀಗೆ ಮಾಡಿದ್ದಕ್ಕೆ ಖರ್ಚು 17,000ದ ಒಳಗೆ ಮುಗಿಯಿತು. ತಂಗಿಯ ಪಕ್ಕದಲ್ಲಿ ಕೂತು ನಾನೂ ಹೊಟ್ಟೆ ತುಂಬ ಊಟ ಮಾಡಿದೆ.

ಕೆಳಗೆ ಬರೆದಿರುವ ಬೆಲೆಗಳು ನಾನು ಕೊಟ್ಟವು. ನಿಮ್ಮ ಊರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು.

ಮಧ್ಯಾಹ್ನದ ಊಟವೋ, ಸಂಜೆಯ ತಿಂಡಿಯೋ

ಅಲಂಕಾರ ಯೋಚಿಸುವ ಮುಂಚೆ ಇದನ್ನು ತೀರ್ಮಾನ ಮಾಡಿ. ಎಲ್ಲಕ್ಕಿಂತ ಜಾಸ್ತಿ ದುಡ್ಡು ಉಳಿಯುವುದೋ ಹೋಗುವುದೋ ಇಲ್ಲೇ. ಸಂಜೆ ನಾಲ್ಕಕ್ಕೆ ಕರೆದರೆ ಒಂದು ಸಿಹಿ, ಒಂದು ಖಾರ, ಕಾಫಿಯಲ್ಲಿ ಮುಗಿಯುತ್ತದೆ. ಖರ್ಚು ಸುಮಾರು ಅರ್ಧಕ್ಕಿಳಿಯುತ್ತದೆ, ಪಾತ್ರೆಯೂ ಕಡಿಮೆ. ಆದರೆ ಬಿಡುವು ಅಂತ ಎಲ್ಲರೂ ಆರಿಸುವುದು ಭಾನುವಾರವನ್ನು. ಭಾನುವಾರದ ರಾಹುಕಾಲ ಸಂಜೆ 4.30ರಿಂದ 6. ಮನೆಯ ಹಿರಿಯರು ನೋಡುವವರಾದರೆ ಆರತಿಯನ್ನು ನಾಲ್ಕೂವರೆಯ ಒಳಗೆ ಮುಗಿಸಬೇಕು. ಅಲ್ಲಿಗೆ ಎಲ್ಲರನ್ನೂ ಮೂರಕ್ಕೇ ಕರೆಯಬೇಕಾಗುತ್ತದೆ. ಊಟವೂ ಅಲ್ಲದ, ತಿಂಡಿಯೂ ಅಲ್ಲದ ಹೊತ್ತು ಅದು. ಭಾನುವಾರ ಸಂಜೆ ಬೇಕೇ ಬೇಕು ಅಂದರೆ ಆರು ಗಂಟೆಯ ಮೇಲೆ ಇಟ್ಟುಕೊಳ್ಳಿ. ಶನಿವಾರಕ್ಕೆ ಈ ತೊಂದರೆ ಇಲ್ಲ.

ನಮ್ಮ ಬೀಗರು ಹಾಸನದಿಂದ ಬಂದು ಅದೇ ದಿನ ವಾಪಸು ಹೋಗುವವರು. ಅಷ್ಟು ದೂರದಿಂದ ಬಂದವರಿಗೆ ಬರೀ ತಿಂಡಿ ಕೊಟ್ಟು ಕಳಿಸಲು ಅಮ್ಮ ಒಪ್ಪಲಿಲ್ಲ. ನನಗೂ ಅದೇ ಸರಿ ಅನ್ನಿಸಿತು. ಬೆಳಿಗ್ಗೆ 11ಕ್ಕೆ ಆರತಿ, ಒಂದಕ್ಕೆ ಊಟ. ಹಗಲಿನ ಕಾರ್ಯವಾದ್ದರಿಂದ ಸೀರಿಯಲ್ ಸೆಟ್, ಫೋಕಸ್ ಲೈಟು ಯಾವುದೂ ಬೇಕಾಗಲಿಲ್ಲ. ಕಿಟಕಿಯ ಎದುರಿನ ಗೋಡೆಗೆ ಅಲಂಕಾರ ಮಾಡಿದರೆ ಸಾಕು, ಬೆಳಕು ತಾನಾಗಿ ಮುಖದ ಮೇಲೆ ಬೀಳುತ್ತದೆ. ಸಂಜೆಯದಾದರೆ ಹಳದಿ ಬೆಳಕಿನ ಎರಡು ಸೀರಿಯಲ್ ಸೆಟ್ ಸಾಕು. ಮಿಣಮಿಣ ಅನ್ನುವ ಬಣ್ಣಬಣ್ಣದವು ಬೇಡ, ಕಣ್ಣಿಗೆ ಹಿಂಸೆ.

ಹಿಂದಿನ ಗೋಡೆ: ಬಲೂನು, ಕಾಗದ, ಬಾಡಿಗೆ ಹೂಗೋಡೆ, ಸೀರೆ

ಎಲ್ಲರೂ ಹೆಚ್ಚು ತಲೆಕೆಡಿಸಿಕೊಳ್ಳುವುದು ಈ ಗೋಡೆಯ ಬಗ್ಗೆ. ಆದರೆ ಅದನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಐದಾರು ಅಡಿ ದೂರದಿಂದ ನೋಡುತ್ತಾರೆ, ಫೋಟೊದಲ್ಲಿ ನೋಡುತ್ತಾರೆ, ಅಷ್ಟೇ.

ಬಲೂನು ಮಕ್ಕಳ ಹುಟ್ಟುಹಬ್ಬಕ್ಕೆ ಚೆಂದ. ಮಕ್ಕಳಿಗೆ ಅದು ಅಲಂಕಾರವೂ ಹೌದು, ಆಟವೂ ಹೌದು. ಸೀಮಂತಕ್ಕೆ ನಾನು ಬೇಡ ಅಂದೆ. ಬಿಸಿಲು ಬಿದ್ದ ಕಡೆ, ಫ್ಯಾನ್ ಗಾಳಿಗೆ ಗೋಡೆಯ ಮೊಳೆ ತಾಗಿದ ಕಡೆ ಪಟ್ ಅಂತ ಒಡೆಯುತ್ತದೆ. ಏಳು ತಿಂಗಳ ಬಸುರಿಯ ಬೆನ್ನ ಹಿಂದೆ ಅಂಥ ಸದ್ದು ಯಾಕೆ ಬೇಕು, ಅಲ್ವಾ? ಇನ್ನೊಂದು ವಿಷಯ. ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿ, ಹೆಸರು ಕೊರೆಯುವ ಥರ್ಮೊಕೋಲ್ ಅಲಂಕಾರ ಎರಡೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ. ಅಂಗಡಿಯಲ್ಲಿ ಇನ್ನೂ ಕಂಡರೂ ತರಬೇಡಿ.

ಕಾಗದದ ಹೂವು ನೋಡಲು ತುಂಬಾ ಚೆಂದ. ಆದರೆ ಲೆಕ್ಕ ಹಾಕಿ ನೋಡಿ. ಕ್ರೇಪ್ ಪೇಪರಿನ ಒಂದು ದೊಡ್ಡ ಹೂವಿಗೆ ನನಗೆ 15ರಿಂದ 20 ನಿಮಿಷ ಬೇಕು. ಗೋಡೆ ತುಂಬಲು ಕಡಿಮೆ ಅಂದರೂ 30 ಹೂ. ಎಂಟು ಹತ್ತು ಗಂಟೆಯ ಕೆಲಸ, ಅದೂ ದೂರದಿಂದ ನೋಡುವ ವಸ್ತುವಿಗೆ. ಮೇಲೆ ಮಳೆಗಾಲ. ಗಾಳಿಯ ತೇವಕ್ಕೆ ಕಾಗದ ಮೆತ್ತಗಾಗಿ ಎಸಳು ಜೋಲುತ್ತದೆ. ಬೇಸಿಗೆಯಲ್ಲಿ, ಜೊತೆಗೆ ಕೈ ಹಾಕುವವರು ಮೂರ್ನಾಲ್ಕು ಜನ ಇದ್ದರೆ ಮಾಡಿ. ಇಲ್ಲದಿದ್ದರೆ ಬಾಗಿಲ ಬಳಿ ಹೆಸರಿನ ಹಲಗೆಗೆ ಮೂರು ಹೂ ಮಾಡಿ ಸಿಕ್ಕಿಸಿ, ಸಾಕು.

ಬಾಡಿಗೆಗೆ ಸಿಗುವ ಪ್ಲಾಸ್ಟಿಕ್ ಹೂವಿನ ಗೋಡೆ ಕೆಲಸ ಉಳಿಸುತ್ತದೆ. ಆದರೆ ಹತ್ತು ಮನೆ ಸುತ್ತಿ ಬಂದ ಧೂಳು ಅದರಲ್ಲಿರುತ್ತದೆ. ನಾನು ನೋಡಿದ್ದರಲ್ಲಿ ಬಿಳಿ ಹೂವೆಲ್ಲ ಬೂದು ಬಣ್ಣಕ್ಕೆ ತಿರುಗಿತ್ತು.

ನಾವು ಮಾಡಿದ್ದು ಸೀರೆಯ ಗೋಡೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಒಂದು ಪೈಸೆ ಖರ್ಚಿಲ್ಲದೆ ಇಷ್ಟು ಚೆಂದ ಬರುವುದು ಬೇರೆ ಯಾವುದೂ ಇಲ್ಲ. ಒಂದು ಸೀರೆ ಐದೂವರೆ ಮೀಟರ್ ಉದ್ದ. ಸರಳಿನ ಮೇಲೆ ಸರಿಯಾಗಿ ಅರ್ಧಕ್ಕೆ ಇಳಿಬಿಟ್ಟರೆ ಎರಡೂ ಕಡೆ ಒಂಬತ್ತು ಅಡಿ ಬರುತ್ತದೆ. ಮನೆಯ ಗೋಡೆಗೆ ಹೇಳಿ ಮಾಡಿಸಿದ ಅಳತೆ. ಪನ್ನ, ಅಂದರೆ ಸೀರೆಯ ಅಗಲ, ಮೂರೂ ಮುಕ್ಕಾಲು ಅಡಿ ಇರುತ್ತದೆ. ಹಾಗಾಗಿ ಏಳೂವರೆ ಅಡಿ ಅಗಲಕ್ಕೆ ಎರಡು ಸೀರೆ ಸಾಕು. ನೆರಿಗೆ ಹಿಡಿದು ತುಂಬಿದ ಹಾಗೆ ಕಾಣಬೇಕು ಅಂದರೆ ಮೂರು ಬೇಕು.

ಸೀರೆ ಆರಿಸುವಾಗ ಒಂದು ಎಚ್ಚರ. ಹೂವು ತಾಗುವ ಕಡೆ ರೇಷ್ಮೆ ಬೇಡವೇ ಬೇಡ. ಚೆಂಡು ಹೂವಿನ ಹಳದಿ, ಹೂವಿಗೆ ಚಿಮುಕಿಸಿದ ನೀರಿನ ಕಲೆ ಎರಡೂ ರೇಷ್ಮೆಯಿಂದ ಹೋಗುವುದಿಲ್ಲ. ಅಮ್ಮನ ಎರಡು ಹಸಿರು ಕಾಟನ್ ಸೀರೆಗಳನ್ನು ಹಿಂದಕ್ಕೆ ಹಾಕಿದೆವು. ಅಜ್ಜಿಯ ಇಳಕಲ್ ಸೀರೆಯನ್ನು ನಡುವೆ ಒಂದೇ ಪಟ್ಟಿಯಾಗಿ, ಟೋಪಿ ತೆನೆ ಅನ್ನುವ ವಿನ್ಯಾಸದ ಸೆರಗು ಎದುರಿಗೆ ಕಾಣುವಂತೆ ಇಳಿಬಿಟ್ಟೆವು. ಅದಕ್ಕೆ ಹೂವು ತಾಗಿಸಲಿಲ್ಲ. ಪಿನ್ನು ಚುಚ್ಚಬೇಡಿ, ನೂಲು ಹರಿಯುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪು ಸಾಕು. ಜರಿ ಅಂಚಿಗೆ ಕ್ಲಿಪ್ಪು ಹಾಕುವಾಗ ನಡುವೆ ಒಂದು ಮೆತ್ತನೆ ಬಟ್ಟೆಯ ಚೂರು ಇಟ್ಟರೆ ಗುರುತು ಬೀಳುವುದಿಲ್ಲ. ಹಿಂದಿನ ರಾತ್ರಿಯೇ ಇಳಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಮಡಿಕೆಯ ಗೆರೆಗಳೂ ಸ್ವಲ್ಪ ಸಡಿಲವಾಗುತ್ತವೆ.

ಅಜ್ಜಿಯ ಸೀರೆ ನೋಡಿ ದೊಡ್ಡಮ್ಮ ಹತ್ತಿರ ಹೋಗಿ ಸೆರಗು ಹಿಡಿದುಕೊಂಡರು. "ಇದು ನಮ್ಮ ಅವ್ವ ನಿನ್ನ ಅಮ್ಮನ ನಾಮಕರಣಕ್ಕೆ ಉಟ್ಟಿದ್ದು ಕಣೇ" ಅಂದರು. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಕೂರಿಸುವ ಜಾಗಕ್ಕೂ ಇದೇ ಲೆಕ್ಕ. ಬಾಡಿಗೆಯ ಕೆಂಪು ಸೋಫಾ ತಗ್ಗಾಗಿ, ಮೆತ್ತಗೆ ಇರುತ್ತದೆ. ಬಸುರಿಗೆ ಅದರಲ್ಲಿ ಕೂತು ಏಳುವುದು ಕಷ್ಟ. ಅಲಂಕರಿಸಿದ ಉಯ್ಯಾಲೆಯೂ ಬೇಡ, ಒಂದೂವರೆ ಗಂಟೆ ಕೂರಲು ಬೆನ್ನಿಗೆ ಆಸರೆ ಇರುವುದಿಲ್ಲ. ಮನೆಯಲ್ಲೇ ಇರುವ, ಕೈ ಇಡಲು ಹಿಡಿಕೆ ಇರುವ ಮರದ ಕುರ್ಚಿ ಎಲ್ಲಕ್ಕಿಂತ ಒಳ್ಳೆಯದು. ಅದರ ಮೇಲೆ ಒಂದು ಕೌದಿ ಹಾಸಿದರೆ ಬೇರೆ ಅಲಂಕಾರವೇ ಬೇಕಿಲ್ಲ. ತುಂಡು ಬಟ್ಟೆಗಳ ಬಣ್ಣ, ಓಟುಹೊಲಿಗೆಯ ಸಾಲು, ಎಷ್ಟು ಹತ್ತಿರದಿಂದ ನೋಡಿದರೂ ಚೆಂದ.

ಹೂವು: ಕಟ್ಟಿದ್ದು ಕೊಳ್ಳುವುದೋ, ಬಿಡಿ ತಂದು ಕಟ್ಟುವುದೋ

ಬೆಂಗಳೂರಿನಲ್ಲಿ ಕೆ.ಆರ್. ಮಾರ್ಕೆಟ್ಟಿಗೂ ಮನೆ ಹತ್ತಿರದ ಹೂವಿನಂಗಡಿಗೂ ಬೆಲೆಯಲ್ಲಿ ತುಂಬಾ ವ್ಯತ್ಯಾಸ. ಆದರೆ ಅಲ್ಲಿಗೆ ಬೆಳಗಿನ ಜಾವವೇ ಹೋಗಬೇಕು. ಒಂದೆರಡು ಮಾರು ಹೂವಿಗಾಗಿ ಹೋದರೆ ಆಟೊ ಖರ್ಚೂ ಹುಟ್ಟುವುದಿಲ್ಲ. ಮೂರು ನಾಲ್ಕು ಕೆಜಿ ಬೇಕಾದರೆ ಮಾತ್ರ ಹೋಗಿ. ದಿನ ಗೊತ್ತು ಮಾಡುವಾಗಲೇ ಪಂಚಾಂಗ ನೋಡಿ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆಯ ಹಿಂದುಮುಂದು ಹೂವಿನ ಬೆಲೆ ಕೇಳುವ ಹಾಗೇ ಇರುವುದಿಲ್ಲ. ನಾವು ವರಮಹಾಲಕ್ಷ್ಮಿ ಹಬ್ಬ ಕಳೆದು ಒಂಬತ್ತನೇ ದಿನದ ಭಾನುವಾರ ಇಟ್ಟುಕೊಂಡೆವು. ಎಲ್ಲಾ ಹೂವೂ ಸೇರಿ 1,800ಕ್ಕೆ ಮುಗಿಯಿತು.

ಚೆಂಡು ಹೂವನ್ನು ಬಿಡಿಯಾಗಿ ತಂದು ಮನೆಯಲ್ಲಿ ಪೋಣಿಸುವುದೇ ಲಾಭ. ದಬ್ಬಣದಂಥ ಉದ್ದ ಸೂಜಿ, ಗಟ್ಟಿ ದಾರ ಇದ್ದರೆ ಮಕ್ಕಳೂ ಮಾಡುತ್ತಾರೆ. ಒಂದು ಮೀಟರಿಗೆ ನನಗೆ 40ರಷ್ಟು ಹೂ ಹಿಡಿಯಿತು. ಹಿಂದಿನ ಸಂಜೆ ಪೋಣಿಸಿ ಒದ್ದೆ ಬಟ್ಟೆ ಮುಚ್ಚಿಟ್ಟರೆ ಮರುದಿನ ಸಂಜೆಯವರೆಗೂ ತಾಜಾ. ಸೇವಂತಿಗೆಯೂ ಹಾಗೇ ಬಾಳಿಕೆ ಬರುತ್ತದೆ. ಮಲ್ಲಿಗೆ, ಕನಕಾಂಬರ ಮಾತ್ರ ಕಟ್ಟಿದ್ದನ್ನೇ ಕೊಳ್ಳಿ. ಬಾಳೆ ನಾರಿನಲ್ಲಿ ಸಮವಾಗಿ, ಬಿಗಿಯಾಗಿ ಕಟ್ಟುವುದು ವರ್ಷಗಟ್ಟಲೆ ಕೈ ಪಳಗಿದವರ ಕೆಲಸ. ಅವರ ಕೈಚಳಕಕ್ಕೆ ಕೊಡುವ ದುಡ್ಡು ದಂಡವಲ್ಲ. ಮುಡಿಗೆ ಬರುವ ಹೂವು ಎಲ್ಲರ ಕಣ್ಣಿಗೂ ಮೂಗಿಗೂ ಹತ್ತಿರ, ಅಲ್ಲಿ ಜಿಪುಣತನ ಬೇಡ.

ಸುಗಂಧರಾಜ ಅಗ್ಗ, ಬೆಳ್ಳಗೆ ಉದ್ದಕ್ಕೆ ಚೆಂದ ಕಾಣುತ್ತದೆ. ಆದರೆ ಮುಚ್ಚಿದ ಹಾಲ್‌ನಲ್ಲಿ ಅದರ ವಾಸನೆ ಜಾಸ್ತಿಯಾಗುತ್ತದೆ. ಬಸುರಿಗೆ ವಾಂತಿ ಬರುವ ಹಾಗಾಗಬಹುದು. ತಂಗಿಯನ್ನು ಮುಂಚೆಯೇ ಕೇಳಿದೆ, ಬೇಡ ಅಂದಳು. ಊದುಬತ್ತಿಯನ್ನೂ ದೇವರ ಮನೆಯಲ್ಲಿ ಒಂದೇ ಒಂದು ಹಚ್ಚಿದೆವು.

ಬಾಗಿಲಿಗೆ ಮಾವಿನ ಎಲೆಯ ತೋರಣ ಬಿಟ್ಟು ಬೇರೆ ಯಾವುದನ್ನೂ ನಾನು ಹೋಲಿಸಲು ಹೋಗುವುದಿಲ್ಲ. ಅದರ ಜಾಗಕ್ಕೆ ಪ್ಲಾಸ್ಟಿಕ್ ತೋರಣ ಬರುವುದನ್ನು ನೋಡಿದರೆ ಮನಸ್ಸಿಗೆ ಹಿಂಸೆಯಾಗುತ್ತದೆ.

ಎಲೆಯೋ, ತಟ್ಟೆಯೋ

ಇಲ್ಲಿ ನಿಧಾನವಾಗಿ ಯೋಚಿಸಿ. ಅತಿಥಿ ಅರ್ಧ ಗಂಟೆ ಕಣ್ಣೆದುರಿಗೆ ಇಟ್ಟುಕೊಂಡು ಕೂರುವ ವಸ್ತು ಇದು. ಗೋಡೆಗಿಂತ ಇದೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ.

ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಮೇಜಿನ ಮೇಲೆ ಹಾಸುವ ತೆಳು ಹಾಳೆ, ಇವು ಕರ್ನಾಟಕದಲ್ಲಿ 2016ರಿಂದಲೇ ನಿಷೇಧ. ಅದು ಲೆಕ್ಕಕ್ಕೇ ಇಲ್ಲ.

ಬಾಳೆ ಎಲೆಯ ಚೆಂದಕ್ಕೆ ಸಾಟಿ ಇಲ್ಲ. ಆದರೆ ಸಾಲಾಗಿ ಕೂತು ಉಣ್ಣಲು ಜಾಗ ಇರಬೇಕು, ಬಡಿಸಲು ನಾಲ್ಕು ಜನ ಬೇಕು. ನಮ್ಮ ಹಾಲ್‌ನಲ್ಲಿ ಒಂದು ಪಂಕ್ತಿಗೆ 12 ಜನ. ನಾಲ್ಕು ಪಂಕ್ತಿ ಅಂದರೆ ಕೊನೆಯವರು ಎರಡೂವರೆ ಗಂಟೆ ಕಾಯಬೇಕು. ಕೈಯಲ್ಲಿ ಹಿಡಿದು ಉಣ್ಣಲು ಎಲೆ ಬರುವುದಿಲ್ಲ.

ಅಡಿಕೆ ಹಾಳೆಯ ತಟ್ಟೆ ಕೈಯಲ್ಲಿ ಹಿಡಿಯಲು ಗಟ್ಟಿ. ಸಾರು ಹಾಕಿದರೂ ಸೋರದು. ತೋಟದಲ್ಲಿ ತಾನಾಗಿ ಉದುರಿದ ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಅಂಟೂ ಇಲ್ಲ, ಬಣ್ಣವೂ ಇಲ್ಲ. ಮಲೆನಾಡು, ಕರಾವಳಿಯಲ್ಲಿ ಎಷ್ಟೋ ಮನೆಗಳಿಗೆ ಇದೇ ಆದಾಯ. ಆದರೆ ಮಳೆಗಾಲದಲ್ಲಿ ಕೊಳ್ಳುವಾಗ ಕಟ್ಟು ಬಿಚ್ಚಿಸಿ ನೋಡಿ, ಮೂಸಿ ನೋಡಿ. ತೇವ ಹೀರಿದ್ದರೆ ಬೂಷ್ಟು ಹಿಡಿದಿರುತ್ತದೆ. ಮೇಲಿನ ನಾಲ್ಕು ತಟ್ಟೆ ಚೆನ್ನಾಗಿದ್ದು ಒಳಗಿನವು ಕಪ್ಪಗಿದ್ದ ಒಂದು ಕಟ್ಟು ನನಗೂ ಸಿಕ್ಕಿತ್ತು.

ಮುತ್ತುಗದ ಎಲೆ ಕಡ್ಡಿ ಚುಚ್ಚಿ ಹೆಣೆದದ್ದು. ಅಗ್ಗ, ಹಗುರ. ಒಣ ತಿಂಡಿಗೆ ಸರಿ, ಹುಳಿ ಸಾರಿಗೆ ಕಷ್ಟ. ಪಾಯಸಕ್ಕೆ ದೊನ್ನೆ ಮಾತ್ರ ತನ್ನಿ, ಅದರಲ್ಲಿ ಗಸಗಸೆ ಪಾಯಸ ಕುಡಿಯುವ ಸುಖವೇ ಬೇರೆ.

ಇನ್ನು ಶಾಮಿಯಾನ ಅಂಗಡಿಯ ಸ್ಟೀಲ್ ತಟ್ಟೆ. ಬಾಡಿಗೆ ಕಡಿಮೆ, ಕಸವೇ ಇಲ್ಲ. ತಟ್ಟೆ, ಲೋಟ, ಕುರ್ಚಿ, ಎರಡು ಜಮಖಾನ ಎಲ್ಲಾ ಸೇರಿ 1,600 ಕೊಟ್ಟೆವು. ತರುವಾಗಲೂ ಕೊಡುವಾಗಲೂ ಎಣಿಸಿ. ಒಂದು ಲೋಟ ಕಡಿಮೆಯಾದರೂ ದುಡ್ಡು ಹಿಡಿಯುತ್ತಾರೆ. ಬೇಜಾರು ಏನಂದರೆ, ಬರೀ ಸ್ಟೀಲ್ ತಟ್ಟೆ ಛತ್ರದ ಊಟದ ಹಾಗೆ ಕಾಣುತ್ತದೆ.

ಅದಕ್ಕೆ ನಾವು ಎರಡನ್ನೂ ಸೇರಿಸಿದೆವು. ಬಾಳೆ ಎಲೆಯನ್ನು ತಟ್ಟೆಯ ಅಳತೆಗೆ ದುಂಡಗೆ ಕತ್ತರಿಸಿ ಸ್ಟೀಲ್ ತಟ್ಟೆಯ ಒಳಗೆ ಹಾಸಿದ್ದು. ಹಸಿ ಎಲೆಯನ್ನು ಹಾಗೇ ಕತ್ತರಿಸಿದರೆ ಗೆರೆ ಗೆರೆಯಾಗಿ ಸೀಳುತ್ತದೆ. ಮೊದಲು ಬಿಸಿ ತವಾದ ಮೇಲೆ ಒಂದು ಸಲ ಮೆಲ್ಲಗೆ ಎಳೆಯಿರಿ. ಎಲೆಯ ಹಸಿರು ಕಡುವಾಗಿ, ಮೇಲೆ ಎಣ್ಣೆ ಸವರಿದ ಹೊಳಪು ಬರುತ್ತದೆ, ಬಟ್ಟೆಯ ಹಾಗೆ ಬಾಗುತ್ತದೆ. ಆಮೇಲೆ ಒಂದು ಪಾತ್ರೆಯ ಮುಚ್ಚಳ ಕವುಚಿಟ್ಟು ಸುತ್ತ ಕತ್ತರಿಸಿ. ಒಂದು ಇಡೀ ಎಲೆಯಲ್ಲಿ, ನಡುವಿನ ದಂಟು ಬಿಟ್ಟು, ನನಗೆ ಆರು ಬಂದವು. ಎಂಟು ಎಲೆ ತಂದಿದ್ದೆವು. ಹಿಂದಿನ ಸಂಜೆ ಇಬ್ಬರು ಕೂತು ಮುಕ್ಕಾಲು ಗಂಟೆಯಲ್ಲಿ ಮುಗಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆವು. ಊಟ ಆದಮೇಲೆ ಎಲೆ ಎತ್ತಿದರೆ ತಟ್ಟೆ ಬಹುಪಾಲು ಸ್ವಚ್ಛ. ತೊಳೆಯುವ ನೀರೂ ಉಳಿಯಿತು. ಅವತ್ತು ಎಲ್ಲರೂ ಹೆಚ್ಚು ಕೇಳಿದ್ದು ಈ ಎಲೆಯ ಬಗ್ಗೆಯೇ.

ಅಡುಗೆ: ಮನೆಯಲ್ಲೋ, ಕೇಟರಿಂಗೋ, ಅಡುಗೆಯವರನ್ನು ಕರೆಸೋದೋ

ಕೇಟರಿಂಗ್‌ನವರು ಮೂವರನ್ನು ಕೇಳಿದೆ. ಇಬ್ಬರು 50 ಊಟಕ್ಕಿಂತ ಕಡಿಮೆ ಒಪ್ಪಲಿಲ್ಲ. ನೂರು ಜನಕ್ಕಾದರೆ ಅದೇ ಒಳ್ಳೆಯ ದಾರಿ, ಎರಡನೇ ಯೋಚನೆ ಬೇಡ. 15 ಜನದ ಒಳಗಾದರೆ ಮನೆಯಲ್ಲೇ ಮಾಡಿ. ನಡುವಿನ 30, 40 ಜನಕ್ಕೆ ಎರಡೂ ಸರಿಹೋಗುವುದಿಲ್ಲ. ಮನೆಯ ಐದು ಲೀಟರ್ ಕುಕ್ಕರಿನಲ್ಲಿ ಒಂದು ಸಲಕ್ಕೆ ಒಂದು ಕೆಜಿ ಅಕ್ಕಿಗಿಂತ ಜಾಸ್ತಿ ಆಗದು. ನಾಲ್ಕೈದು ಸಲ ಇಡುತ್ತಾ ಕೂತರೆ ಮನೆಯವರು ಆರತಿಗೂ ಹೊರಗೆ ಬರುವ ಹಾಗಿಲ್ಲ.

ಈ ನಡುವಿನ ಲೆಕ್ಕಕ್ಕೆ ಅಡುಗೆಯವರನ್ನು ಮನೆಗೆ ಕರೆಸೋದು ಒಳ್ಳೆಯದು. ಅವರು ದಿನಸಿ ಪಟ್ಟಿ ಕೊಡುತ್ತಾರೆ, ನಾವು ತಂದಿಡಬೇಕು. ದೊಡ್ಡ ಒಲೆ ಅವರದೇ. ಬೆಳಿಗ್ಗೆ ಆರಕ್ಕೆ ಬಂದವರು ಹನ್ನೊಂದಕ್ಕೆ ಎಲ್ಲಾ ಇಳಿಸಿ ಹೋದರು. ಕೂಲಿ 2,500. ದಿನಸಿ, ತರಕಾರಿ, ಹಾಲು ಮೊಸರು ಸೇರಿ 5,200 ಆಯಿತು.

ಸೀಮಂತಕ್ಕೆ ಬಗೆಬಗೆಯ ಅನ್ನ ಮಾಡುವುದು ನಮ್ಮ ಪದ್ಧತಿ. ಅದೇ ಖರ್ಚಿಗೂ ಅನುಕೂಲ. ಒಂದು ಕೆಜಿ ಅಕ್ಕಿ ಎಂಟು ಹತ್ತು ಜನಕ್ಕೆ ಆಗುತ್ತದೆ. ನಾವು ಪುಳಿಯೋಗರೆಗೆ ಎರಡು ಕೆಜಿ, ನಿಂಬೆಹಣ್ಣಿನ ಚಿತ್ರಾನ್ನಕ್ಕೆ ಒಂದೂವರೆ, ಮೊಸರನ್ನಕ್ಕೆ ಒಂದು ಕೆಜಿ ಇಟ್ಟೆವು. ಕೊನೆಗೆ ಉಳಿದದ್ದು ಒಂದು ಡಬ್ಬಿ ಚಿತ್ರಾನ್ನ.

ಇದರಲ್ಲಿ ಕೈರುಚಿ ಎಲ್ಲಿ ಬೇಕು? ಪುಳಿಯೋಗರೆ ಗೊಜ್ಜಿನಲ್ಲಿ. ಹುಣಸೆ, ಬೆಲ್ಲ, ಎಳ್ಳು, ಕೊಬ್ಬರಿ ಹಾಕಿ ಎಣ್ಣೆ ಬಿಡುವವರೆಗೆ ಕುದಿಸಿದ ಗೊಜ್ಜು ಒಂದು ವಾರ ಕೆಡುವುದಿಲ್ಲ. ಅಮ್ಮ ಐದು ದಿನ ಮುಂಚೆಯೇ ಮಾಡಿ ಭರಣಿಗೆ ತುಂಬಿಟ್ಟಿದ್ದರು. ಅಡುಗೆಯವರು ಅನ್ನ ಆರಿಸಿ ಕಲಸಿದರು, ರುಚಿ ಮಾತ್ರ ಅಮ್ಮನದೇ. ಮನೆಯಲ್ಲಿ ಒಂದೇ ಒಂದು ಪದಾರ್ಥ ಮಾಡುವುದಾದರೆ ಇಂಥದ್ದನ್ನು ಆರಿಸಿ. ಒಬ್ಬಟ್ಟನ್ನು ಕೊಂಡು ತಂದೆವು. 60 ಒಬ್ಬಟ್ಟು ತಟ್ಟಿ ಬೇಯಿಸಲು ಇಬ್ಬರಿಗೆ ಅರ್ಧ ದಿನ ಬೇಕು. ಈಗ ಬಡಾವಣೆಗೊಂದು ಹೋಳಿಗೆ ಅಂಗಡಿ ಇದೆ, ಬಿಸಿಯಾಗಿಯೇ ಕೊಡುತ್ತಾರೆ. ಒಂದಕ್ಕೆ 25ರಂತೆ 1,500.

ಕೋಸಂಬರಿಗೆ ಉಪ್ಪು, ನಿಂಬೆರಸವನ್ನು ಬಡಿಸುವ ಹತ್ತು ನಿಮಿಷ ಮುಂಚೆ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಎಲೆಯ ಮೇಲೆಲ್ಲಾ ಹರಿಯುತ್ತದೆ. ಬಾಟಲಿ ಜ್ಯೂಸ್ ತರಬೇಡಿ, ಮಜ್ಜಿಗೆ ಮಾಡಿ. ಎರಡು ಲೀಟರ್ ಮೊಸರಿಗೆ ಆರು ಲೀಟರ್ ನೀರು, ಶುಂಠಿ, ಕರಿಬೇವು, ಇಂಗು. ಮಣ್ಣಿನ ಮಡಕೆಯಲ್ಲಿಟ್ಟರೆ ತಂಪಾಗಿಯೂ ಇರುತ್ತದೆ, ನೋಡಲೂ ಚೆಂದ. ಮಡಕೆ ಬೇಕಾದವರು ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ಗೆ ಹೋಗಿ ಬನ್ನಿ. ಹೊಸ ಮಡಕೆಯನ್ನು ಎರಡು ದಿನ ನೀರು ತುಂಬಿಸಿ, ಚೆಲ್ಲಿ, ಮಣ್ಣಿನ ವಾಸನೆ ಹೋದಮೇಲೆ ಬಳಸಿ.

ಕರೆಯೋಲೆಯ ಬಗ್ಗೆ ಹೇಳುವುದು ಕಡಿಮೆ. ಅಚ್ಚು ಹಾಕಿಸಿದ ಕಾರ್ಡು 40 ಜನಕ್ಕೆ ಬೇಕಿಲ್ಲ. ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸಿ, ಹಿರಿಯರಿಗೆ ಫೋನ್ ಮಾಡಿ ಬಾಯ್ತುಂಬ ಕರೆಯಿರಿ. ತಂಗಿಯ ಅತ್ತೆಯ ಮನೆಗೆ ಮಾತ್ರ ಅರಿಶಿನ ಕುಂಕುಮದ ಜೊತೆ ಹೋಗಿ ಕರೆಯಲೇಬೇಕು, ಅದಕ್ಕೆ ಬೇರೆ ದಾರಿ ಇಲ್ಲ.

ಕೊಟ್ಟು ಕಳಿಸುವುದು

ಅಂಗಡಿಯ ರಿಟರ್ನ್ ಗಿಫ್ಟ್ ಅಂದರೆ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಡಬ್ಬಿ, ಇಲ್ಲವೇ ಹೊಳೆಯುವ ಕಾಗದ ಸುತ್ತಿದ ಪುಟ್ಟ ಬಟ್ಟಲು. ಎಲ್ಲರ ಮನೆಯ ಅಟ್ಟದಲ್ಲೂ ಅವು ಬಿದ್ದಿವೆ. ಗಿಡ ಕೊಡೋಣ ಅಂತಲೂ ಯೋಚಿಸಿದೆವು. ದೊಡ್ಡಪತ್ರೆಯ ಕಡ್ಡಿ ನೆಟ್ಟರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ತೆಂಗಿನ ಚಿಪ್ಪಿನಲ್ಲಿ ನೆಟ್ಟರೆ ಖರ್ಚೇ ಇಲ್ಲ. ಆದರೆ ಬಸ್ಸಿನಲ್ಲಿ ಹಾಸನಕ್ಕೆ ಹೋಗುವವರ ಕೈಗೆ ಮಣ್ಣು ತುಂಬಿದ ಚಿಪ್ಪು ಕೊಡುವುದು ಹೇಗೆ? ಅಕ್ಕಪಕ್ಕದ ಮನೆಯ ಐದು ಜನಕ್ಕೆ ಮಾತ್ರ ಕೊಟ್ಟೆವು. ಚನ್ನಪಟ್ಟಣದ ಮರದ ಕುಂಕುಮದ ಭರಣಿ ನನಗೆ ತುಂಬಾ ಇಷ್ಟವಾಗಿತ್ತು. 25 ಹೆಂಗಸರಿಗೆ ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಹುಟ್ಟುವ ಮಗುವಿಗೆ ಅಂತ ಅರಗಿನ ಬಣ್ಣದ ಒಂದು ಗಿಲಕಿ ಮಾತ್ರ ತಂದು ತಂಗಿಯ ಮಡಿಲಿಗೆ ಹಾಕಿದೆವು.

ತಾಂಬೂಲದ ಚೀಲವನ್ನು ಅಮ್ಮನ ಹಳೆಯ ಕಾಟನ್ ಸೀರೆಯಲ್ಲಿ ಮಾಡಿದೆವು. ಸೀರೆಯ ಉದ್ದಕ್ಕೆ 27 ಸೆಂಟಿಮೀಟರಿಗೊಂದು ಪಟ್ಟಿ ಕತ್ತರಿಸಿದರೆ 20 ಪಟ್ಟಿ ಸಿಗುತ್ತದೆ. ಪ್ರತಿ ಪಟ್ಟಿಯ 64 ಸೆಂಟಿಮೀಟರ್ ಚೀಲಕ್ಕೆ, ಉಳಿದದ್ದು ಎರಡು ಹಿಡಿಕೆಗೆ. ಕತ್ತರಿಸಿದ್ದು ನಾನು, ಹೊಲಿದದ್ದು ಬೀದಿಯ ಕೊನೆಯ ಟೈಲರ್, ಚೀಲಕ್ಕೆ 15 ರೂಪಾಯಿ. ಮಿಷನ್ ತುಳಿಯಲು ಬರುವವರು ಅದನ್ನೂ ಉಳಿಸಬಹುದು. ಮೂರು ವಾರ ಮುಂಚೆಯೇ ಎಲ್ಲಾ ಮುಗಿದಿತ್ತು. ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಚೀಲದ ಹೊಲಿಗೆ ಸೇರಿ 2,000.

ಅದರ ಜೊತೆಗೆ ಬಳೆ. ಸೀಮಂತಕ್ಕೆ ಹಸಿರು ಗಾಜಿನ ಬಳೆಗಿಂತ ಒಳ್ಳೆಯ ಉಡುಗೊರೆ ಯಾವುದಿದೆ ಹೇಳಿ! ಚಿಕ್ಕಪೇಟೆ ಕಡೆ ಹೋಗಿ ಡಜನಿಗೆ 30ರಂತೆ 30 ಡಜನ್ ತಂದೆವು. ಪೊಟ್ಟಣ ಕಟ್ಟಿ ಕೊಡುವುದೋ, ಅಲ್ಲೇ ತೊಡಿಸುವುದೋ ಅನ್ನುವ ಪ್ರಶ್ನೆ ಬಂತು. ಪೊಟ್ಟಣ ಸುಲಭ, ಆದರೆ ಅಳತೆ ಸರಿಹೋಗದ ಬಳೆ ಮನೆಯಲ್ಲಿ ಹಾಗೇ ಕೂತಿರುತ್ತದೆ. ತೊಡಿಸಿದರೆ ಚೆಂದ. ಚಿಕ್ಕಮ್ಮ ಎಲ್ಲರ ಕೈ ಹಿಡಿದು ತೊಡಿಸುತ್ತೇನೆ ಅಂದರು.

ಅಳತೆಯ ವಿಷಯ ಗಮನಿಸಿ. ಎರಡು ನಾಲ್ಕು, ಎರಡು ಆರು, ಎರಡು ಎಂಟು ಅಂತ ಕೇಳುತ್ತಾರಲ್ಲ, ಅದು ಎರಡು ಇಂಚಿನ ಮೇಲೆ ಹದಿನಾರನೇ ಭಾಗಗಳ ಲೆಕ್ಕ. ಎರಡು ನಾಲ್ಕು ಅಂದರೆ ಬಳೆಯ ಒಳಗಿನ ಅಗಲ ಎರಡೂಕಾಲು ಇಂಚು. ಸಣ್ಣ ಬಳೆ ದೊಡ್ಡ ಕೈಗೆ ಏರುವುದಿಲ್ಲ, ದೊಡ್ಡದು ಸಣ್ಣ ಕೈಗೆ ಹೇಗೋ ನಡೆಯುತ್ತದೆ. ಅದಕ್ಕೆ ಎರಡು ಆರು ಜಾಸ್ತಿ ತನ್ನಿ, ಎರಡು ಎಂಟನ್ನು ಲೆಕ್ಕಕ್ಕಿಂತ ನಾಲ್ಕು ಡಜನ್ ಹೆಚ್ಚಿಗೆ ತನ್ನಿ. ನಮಗೆ ಕಡಿಮೆ ಬಿದ್ದದ್ದು ಅದೇ.

ಬಳೆಯನ್ನೇ ಅಲಂಕಾರ ಮಾಡಿದ್ದು ನನಗೆ ಈ ಇಡೀ ಕಾರ್ಯದಲ್ಲಿ ತುಂಬಾ ಖುಷಿ ಕೊಟ್ಟ ಕೆಲಸ. ಹಳೆ ಪೇಪರನ್ನು ಬಿಗಿಯಾಗಿ ಸುರುಳಿ ಸುತ್ತಿ, ಮೇಲೆ ಕೆಂಪು ಬಟ್ಟೆ ಅಂಟಿಸಿ, ಎರಡಡಿ ಉದ್ದದ ಐದು ಕೋಲು ಮಾಡಿದೆ. ಎರಡು ಚೊಂಬಿನ ಬಾಯಿಗೆ ಅಕ್ಕಿ ತುಂಬಿದ ಬಟ್ಟೆಯ ಗಂಟು ಇಟ್ಟು, ಅದರ ಮೇಲೆ ಕೋಲಿನ ತುದಿಗಳನ್ನು ಕೂರಿಸಿದರೆ ಉರುಳುವುದಿಲ್ಲ. ಒಂದೊಂದು ಕೋಲಿಗೂ ಆರಾರು ಡಜನ್ ಬಳೆ. ಎರಡು ನಾಲ್ಕಕ್ಕೆ ಹಳದಿ ದಾರ, ಎರಡು ಆರಕ್ಕೆ ಬಿಳಿ, ಎರಡು ಎಂಟಕ್ಕೆ ಕೆಂಪು. ತಂಗಿ ಕೂತ ಕುರ್ಚಿಯ ಪಕ್ಕದ ಮಣೆಯ ಮೇಲೆ ಇದನ್ನು ಇಟ್ಟೆವು. ಕಿಟಕಿಯ ಬಿಸಿಲು ಗಾಜಿನ ಮೇಲೆ ಬಿದ್ದು ಗೋಡೆಯ ಕಾಟನ್ ಸೀರೆಯ ಮೇಲೆಲ್ಲಾ ಹಸಿರು ಚುಕ್ಕಿ ಕುಣಿಯುತ್ತಿತ್ತು.

ಆರತಿ ಮುಗಿದಮೇಲೆ ಮೊದಲು ತಂಗಿಗೆ, ಆಮೇಲೆ ಅವಳ ಅತ್ತೆಗೆ, ಆಮೇಲೆ ಒಬ್ಬೊಬ್ಬರಿಗೆ ಚಿಕ್ಕಮ್ಮ ಬಳೆ ತೊಡಿಸುತ್ತಾ ಹೋದರು. ಊಟದ ಹೊತ್ತಿಗೆ ಕೋಲುಗಳು ಬರಿದಾಗಿದ್ದವು. ಬಡಿಸುವವರ, ಉಣ್ಣುವವರ ಕೈಯಲ್ಲೆಲ್ಲಾ ಅವೇ ಹಸಿರು ಬಳೆ. ಸಂಜೆ ಸೀರೆ ಇಳಿಸಿ ಮಡಿಸಿದ್ದು, ಹೂವು ಮತ್ತು ಎಲೆ ಗೊಬ್ಬರದ ಡ್ರಮ್ಮಿಗೆ ಹಾಕಿದ್ದು, ತಟ್ಟೆ ಲೋಟ ಎಣಿಸಿ ವಾಪಸು ಕಳಿಸಿದ್ದು, ಎಲ್ಲಾ ಸೇರಿ ಒಂದೂವರೆ ಗಂಟೆ ಹಿಡಿಯಿತು.